ಕೋಲ್ಡ್ ಕಿಚನ್‌ಗೆ ಹಾಕಿದ್ದಾರೆ, ಇಲ್ಲಿ ಕಲಿಯೋಕೆ ಏನಿದೆ?

ಹೊಸ_ಕಮಿ:
ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಬೆಂಗಳೂರಲ್ಲಿ ಒಂದು ದೊಡ್ಡ ಹೋಟೆಲಲ್ಲಿ ಕಮಿ (ಕಿಚನ್ನಿನ ಕೆಳ ಹಂತದ ಜೂನಿಯರ್ ಕುಕ್) ಆಗಿ ಸೇರಿದೀನಿ. ತಂದೂರ್ ಇಲ್ಲಾಂದ್ರೆ ಕರಿ ಸೆಕ್ಷನ್ ಕೊಡ್ತಾರೆ ಅಂದ್ಕೊಂಡಿದ್ದೆ, ಕೊಟ್ಟಿದ್ದು ಗಾರ್ಡ್ ಮಾಂಜೆ, ಅಂದ್ರೆ ತಣ್ಣಗಿನ ತಿನಿಸು ಮಾಡೋ ಕೋಲ್ಡ್ ಕಿಚನ್. ಬೆಳಗ್ಗೆಯಿಂದ ಲೆಟಿಸ್ ತೊಳಿ, ಹಣ್ಣು ಕಟ್ ಮಾಡು, ಬಫೆಗೆ ಸಲಾಡ್ ತುಂಬು, ಬ್ಯಾಂಕ್ವೆಟ್ ಇದ್ರೆ ಕನಪೆ (ಬ್ರೆಡ್ ಚೂರಿನ ಮೇಲೆ ಟಾಪಿಂಗ್ ಇಟ್ಟ ಒಂದು ತುತ್ತಿನ ತಿಂಡಿ) ಜೋಡಿಸು, ಇಷ್ಟೇ. ಜೊತೆಗೆ ಸೇರಿದವರೆಲ್ಲ ಬಾಣಲೆ ಹಿಡಿದಾಯ್ತು, ನನಗೆ ಒಲೆ ಹತ್ರ ಹೋಗೋ ಕೆಲಸಾನೇ ಇಲ್ಲ. ಈ ಸೆಕ್ಷನಲ್ಲಿ ನಿಜವಾಗ್ಲೂ ಕಲಿಯೋದು ಏನಾದ್ರೂ ಇದ್ಯಾ, ಅಥವಾ ಬೇಗ ಟ್ರಾನ್ಸ್‌ಫರ್ ಕೇಳೋದು ವಾಸಿನಾ? ಇಲ್ಲಿ ಕೆಲಸ ಮಾಡಿರೋರು ಹೇಳಿ ಪ್ಲೀಸ್.

ಹಳೇ_ಸೂ_ಶೆಫ್:
ಈಗ್ಲೇ ಕೇಳ್ಬೇಡಿ. ಬಿಸಿ ಅಡುಗೇಲಿ ಉಪ್ಪು ಕಮ್ಮಿ ಆದ್ರೆ ಹಾಕಿ ಒಂದು ಕುದಿ ಬರಿಸಬಹುದು, ಸಾಸ್ ತೆಳ್ಳಗಾದ್ರೆ ಇಂಗಿಸಬಹುದು. ಟೆರೀನ್ (ಕೊಚ್ಚಿದ ಮಾಂಸದಂಥ ಮಿಶ್ರಣ ಅಚ್ಚಲ್ಲಿ ತುಂಬಿ ಬೇಯಿಸಿ, ತಣ್ಣಗಾದ್ಮೇಲೆ ಸ್ಲೈಸ್ ಮಾಡೋದು) ಒಳಗೆ ಉಪ್ಪು ಕಮ್ಮಿ ಇದ್ರೆ ಗೊತ್ತಾಗೋದೇ ಮಾರನೇ ದಿನ ಸ್ಲೈಸ್ ಮಾಡಿದಾಗ, ಆಗ ಏನೂ ಮಾಡೋಕಾಗಲ್ಲ. ಅದಕ್ಕೇ ಮಿಶ್ರಣ ತುಂಬೋ ಮೊದ್ಲು ಒಂದು ಚಮಚದಷ್ಟು ಬೇಯಿಸಿ, ಪೂರ್ತಿ ತಣ್ಣಗೆ ಮಾಡಿ, ಆಮೇಲೆ ರುಚಿ ನೋಡೋದು. ತಣ್ಣಗಿದ್ದಾಗ ರುಚಿ ನಾಲಿಗೆಗೆ ಕಮ್ಮಿ ಹತ್ತತ್ತೆ, ಕರಗಿದ ಐಸ್‌ಕ್ರೀಂ ಅಷ್ಟೊಂದು ಸಿಹಿ ಅನ್ಸೋದು ಅದಕ್ಕೇ. ಆಲೂಗಡ್ಡೆ ಸಲಾಡ್ ಬೆಚ್ಚಗಿದ್ದಾಗ ಸರಿಯಾಗೇ ಇರತ್ತೆ, ಫ್ರಿಜ್ಜಿಂದ ತೆಗೆದ್ರೆ ಸಪ್ಪೆ. ಗೆಸ್ಟ್ ತಿನ್ನೋ ತಂಪಲ್ಲೇ ರುಚಿ ನೋಡೋ ಅಭ್ಯಾಸ ಈ ಸೆಕ್ಷನ್ ಬಿಟ್ರೆ ಬೇರೆಲ್ಲೂ ಇಷ್ಟು ಚೆನ್ನಾಗಿ ಬರಲ್ಲ.

ಇನ್ನೊಂದು ಮಾತು. ಫ್ರೆಂಚ್ ಶೆಫ್ ಎಸ್ಕೋಫಿಯೆ 1890ರಿಂದ ಲಂಡನ್ನಿನ ಸವಾಯ್ ಹೋಟೆಲಲ್ಲಿದ್ದಾಗ ಕಿಚನ್ನನ್ನ ಸೆಕ್ಷನ್ ಸೆಕ್ಷನ್ ಆಗಿ ಹಂಚಿದ ಪದ್ಧತಿಲಿ ಗಾರ್ಡ್ ಮಾಂಜೆ ಅಂದ್ರೆ ಬರೀ ಸಲಾಡ್ ಅಲ್ಲ, ಮಾಂಸ ಮೀನು ಕ್ಲೀನ್ ಮಾಡಿ, ಕಟ್ ಮಾಡಿ, ಬೇರೆ ಸೆಕ್ಷನ್‌ಗಳಿಗೆ ಕೊಡೋ ಜವಾಬ್ದಾರೀನೂ ಅದರದ್ದೇ. ನಿಮ್ಮಲ್ಲಿ ಬುಚರಿ (ಮಾಂಸ ಕಟ್ ಮಾಡೋ ಸೆಕ್ಷನ್) ಪಕ್ಕದಲ್ಲೇ ಇದ್ರೆ ಹೋಗಿ ನಿಂತ್ಕೊಳ್ಳಿ, ಕೇಳ್ಕೊಂಡು ಕೋಳಿ ಡಿಬೋನ್ ಮಾಡಿ, ಅಂದ್ರೆ ಮೂಳೆ ಬಿಡಿಸಿ.

ಉಡುಪಿ_ಟು_ಕ್ರೂಸ್:
ಶಿಪ್ಪಲ್ಲಿ ಇದೇ ಸೆಕ್ಷನಲ್ಲಿದೀನಿ, ಅದಕ್ಕೇ ಬರೀತಿದೀನಿ. ಒಲೆ ಮೇಲಿರೋರಿಗೆ ಬೆಂಕಿ ಕಾವಲಿಗಿದೆ, ಬ್ಯಾಕ್ಟೀರಿಯಾ ಬಂದ್ರೂ ಕುದಿಲಿ ಸಾಯತ್ತೆ. ನಮ್ಮ ಪ್ಲೇಟ್ ಕೈಯಿಂದ ಸೀದಾ ಗೆಸ್ಟ್ ಬಾಯಿಗೆ ಹೋಗತ್ತೆ, ಮಧ್ಯ ಏನೂ ಇಲ್ಲ. 5 ಡಿಗ್ರಿ ಒಳಗೆ ಇಡು ಅಂತಾರಲ್ಲ, ಅದು ಕೂಡ ಪೂರ್ತಿ ರಕ್ಷಣೆ ಅಲ್ಲ, ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ಜಲ್ಲೂ ನಿಧಾನಕ್ಕೆ ಬೆಳೆಯತ್ತೆ, ಅದಕ್ಕೇ ಡಬ್ಬ ಡಬ್ಬಕ್ಕೂ ಡೇಟ್ ಲೇಬಲ್. ಅಮೆರಿಕದ ಪೋರ್ಟಿಗೆ ಹೋಗೋ ಕ್ರೂಸ್‌ಗಳಿಗೆ ಅಲ್ಲಿನ ಸಿಡಿಸಿಯವರು (ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಹೇಳದೇ ಕೇಳದೇ ಇನ್ಸ್‌ಪೆಕ್ಷನ್‌ಗೆ ಹತ್ತುತ್ತಾರೆ, 100ಕ್ಕೆ 85 ಅಥವಾ ಕಮ್ಮಿ ಬಂದ್ರೆ ಫೇಲ್. ಆ ದಿನ ಕೋಲ್ಡ್ ಕಿಚನ್ನಿನ ಥರ್ಮಾಮೀಟರ್ ರೀಡಿಂಗ್ ಎಷ್ಟು ಮುಖ್ಯ ಅನ್ನೋದು ಅಲ್ಲಿ ನಿಂತವರಿಗೇ ಗೊತ್ತು. ಹೊರಗೆ ಹೋಗೋ ಆಸೆ ಇದ್ರೆ ಈ ಶಿಸ್ತು ಈಗಲೇ ಕಲೀರಿ.

ಬ್ಯಾಂಕ್ವೆಟ್_ಕೈ:
ಮೇಲಿನವರು ಹೇಳಿದ್ದೆಲ್ಲ ನಿಜ, ಆದ್ರೆ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಕೆಲವು ಹೋಟೆಲಲ್ಲಿ ಡ್ರೆಸ್ಸಿಂಗ್ ಬಾಟಲಿಂದ, ಮೇಯೊ ಬಕೆಟ್ಟಿಂದ, ಸಲಾಮಿ ಪ್ಯಾಕೆಟ್ಟಿಂದ ಬರತ್ತೆ, ಅಂಥ ಕಡೆ ಕಲ್ಲಂಗಡಿ ಕಟ್ ಮಾಡ್ತಾ ವರ್ಷ ಕಳೀಬೇಡಿ. ಅಲ್ಲೇ ಮಾಡ್ತಾರಾ ಕೊಂಡ್ಕೊಂಡು ಬರ್ತಾರಾ ಅಂತ ಮೊದಲು ನೋಡಿ. ಮೇಯೊ ವಿಷಯದಲ್ಲಿ ಮಾತ್ರ ಕೊಂಡು ತರೋದಕ್ಕೆ ಕಾರಣ ಇದೆ: ಹಸಿ ಮೊಟ್ಟೆ ಮೇಯೊನ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದ್ವು, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯಕ್ಕೆ. ಪಾಶ್ಚರೈಸ್ ಮಾಡಿದ (ಹದವಾಗಿ ಕಾಯಿಸಿ ಬ್ಯಾಕ್ಟೀರಿಯಾ ಕೊಂದ) ಮೊಟ್ಟೆ ಹಳದಿ ಸಿಕ್ಕಿದ್ರೆ ಅದರಲ್ಲಿ ಕೈಯಾರೆ ಮಾಡಿ ಕಲೀರಿ, ಎಣ್ಣೆ ಮೊದಮೊದಲು ಹನಿ ಹನಿಯಾಗಿ.

ಜೆಲಾಟಿನ್ ಕೆಲಸಾನೂ ಕೇಳಿ ಮಾಡಿ. ಅದು ಹೆಚ್ಚುಕಮ್ಮಿ 35 ಡಿಗ್ರಿಗೆ ಕರಗತ್ತೆ, ಹಾಗಾಗಿ ಮಂಗಳೂರಲ್ಲಿ ಏಪ್ರಿಲ್ ತಿಂಗಳು ಲಾನ್ ಮೇಲೆ ಪಾರ್ಟಿ ಇದ್ರೆ ಆಸ್ಪಿಕ್ (ಮಾಂಸದ ಸಾರಿನ ಜೆಲ್ಲಿ) ಇಡೋಕೆ ಹೋಗ್ಬೇಡಿ. ಸಮುದ್ರ ಪಾಚಿಯಿಂದ ಮಾಡೋ ಅಗರ್ ಆದ್ರೆ ನಿಲ್ಲತ್ತೆ, ವೆಜ್ ಗೆಸ್ಟ್‌ಗೂ ನಡೆಯತ್ತೆ, ಜೆಲಾಟಿನ್ ಪ್ರಾಣಿ ಮೂಳೆ ಚರ್ಮದ್ದಲ್ವಾ. ಮತ್ತೆ ಹಸಿ ಅನಾನಸ್, ಪಪ್ಪಾಯಿ ಹಾಕಿದ್ರೆ ಜೆಲಾಟಿನ್ ಸೆಟ್ಟೇ ಆಗಲ್ಲ, ಹಣ್ಣಲ್ಲಿರೋ ಎಂಜೈಮ್ ಅದನ್ನ ಒಡೆದು ಹಾಕತ್ತೆ.

ಹೊಸ_ಕಮಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ನೋಡ್ದೆ, ನಮ್ಮಲ್ಲಿ ಟೆರೀನ್, ಗ್ರಾವ್‌ಲಾಕ್ಸ್ (ಉಪ್ಪು ಸಕ್ಕರೆ ಹಚ್ಚಿ ಹದ ಮಾಡಿದ ಸಾಲ್ಮನ್ ಮೀನು) ಎರಡೂ ಇಲ್ಲೇ ಮಾಡ್ತಾರೆ, ಸದ್ಯಕ್ಕೆ ಇಲ್ಲೇ ಇರ್ತೀನಿ. ಇನ್ನೊಂದು ಡೌಟು, ಬಫೆಲಿ ಕೋಸಂಬರಿ ಇಡ್ತೀವಿ, ಅರ್ಧ ಗಂಟೇಲಿ ತಳದಲ್ಲಿ ನೀರು ನಿಲ್ಲತ್ತೆ, ಶೆಫ್ ಬೈತಾರೆ, ಏನ್ ಮಾಡ್ಲಿ?

ಹಳೇ_ಸೂ_ಶೆಫ್:
ಉಪ್ಪು ಸೌತೆಕಾಯಿ ನೀರನ್ನ ಎಳೆಯತ್ತೆ. ಸೌತೆ ಬೀಜದ ತಿರುಳು ತೆಗೆದುಬಿಡಿ, ನೆನೆಸಿದ ಹೆಸರುಬೇಳೆ ಪೂರ್ತಿ ಬಸಿದು ಬಟ್ಟೆ ಮೇಲೆ ಹರಡಿ. ಉಪ್ಪು, ನಿಂಬೆರಸ, ಒಗ್ಗರಣೆ ಬೇರೆ ಇಟ್ಕೊಂಡು, ಚಿಕ್ಕ ಬೌಲಲ್ಲಿ ಸ್ವಲ್ಪ ಸ್ವಲ್ಪಾನೇ ಕಲಸಿ ಆಗಾಗ ಬದಲಾಯಿಸಿ. ಒಗ್ಗರಣೆ ಆರಿದ ಮೇಲೆ ಹಾಕಿ, ಬಿಸಿ ಇದ್ರೆ ಕೊತ್ತಂಬರಿ ಕಪ್ಪಾಗತ್ತೆ.