ಪದಚರ್ಚೆ: ‘ಜೀರೋ ಡೇ’ಗೆ ‘ಕಾಣದ ಕಂಡಿ’ ಆದೀತಾ?

ಎಲ್ಲರಿಗೂ ನಮಸ್ಕಾರ.

ಸಾಗರದ ಕಡೆಯ ಅಡಿಕೆ ಬೆಳೆಗಾರರಿಗಾಗಿ ಫೋನ್ ಸುರಕ್ಷತೆ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಸರ್ಕಾರಗಳಿಗೆಂದು ಮಾಡಿದ ಹ್ಯಾಕಿಂಗ್ ಸಾಧನಗಳು ಕಂಡವರ ಕೈಗೆ ಹೋಗುವ ಭಾಗಕ್ಕೆ ಬಂದಾಗ ಪದಗಳು ಕೈಕೊಟ್ಟಿವೆ.

ಮೊದಲು ‘ಜೀರೋ ಡೇ’. ತಯಾರಿಸಿದ ಕಂಪನಿಗೇ ಇನ್ನೂ ಗೊತ್ತಿಲ್ಲದ ದೋಷ ಇದು. ಸರಿಪಡಿಸಲು ಅವರಿಗೆ ಒಂದು ದಿನವೂ ಸಿಕ್ಕಿಲ್ಲ ಅಂತ ಆ ಹೆಸರು. ‘ಶೂನ್ಯ ದಿನ’ ಅಂತ ಬರೆದರೆ ನಮ್ಮ ಕಡೆ ಶೂನ್ಯಮಾಸದ ಲೆಕ್ಕ ಹಾಕುತ್ತಾರೆ, ಅಷ್ಟೇ! ಬೇಲಿಯಲ್ಲಿ ದಣಪೆ ನಾವೇ ಇಟ್ಟ ದಾರಿ. ದನ ನುಗ್ಗುವುದು ನಾವು ನೋಡದೇ ಬಿಟ್ಟ ಕಂಡಿಯಲ್ಲಿ. ಹಾಗಾಗಿ ‘ಕಾಣದ ಕಂಡಿ’ ಅಂದುಕೊಂಡೆ.

ಆ ಕಂಡಿಯಲ್ಲಿ ನುಗ್ಗಲು ಬರೆದ ಕೋಡ್, ಅಂದರೆ ಎಕ್ಸ್‌ಪ್ಲಾಯ್ಟ್‌ಗೆ, ‘ಕನ್ನ’ ಸಾಕು. ಖಾತೆಗೆ ಕನ್ನ ಹಾಕಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರೇ ಎಲ್ಲರೂ. ‘ಕುತಂತ್ರಾಂಶ’ವನ್ನು ಪೆಗಾಸಸ್‌ನಂಥದ್ದಕ್ಕೆ ಉಳಿಸಿಕೊಳ್ಳೋಣ. ಅದು ಒಳಗೆ ಹೋದ ಮೇಲೆ ಕೂತು ಕದ್ದು ನೋಡುವ ಸರಕು.

ತೊಡಕು ಇಲ್ಲಿದೆ. 2024ರ ಆಗಸ್ಟ್‌ನಲ್ಲಿ ಗೂಗಲ್‌ನ ತಜ್ಞರು ಒಂದು ವರದಿ ಕೊಟ್ಟರು. ಮಂಗೋಲಿಯಾದ ಸರ್ಕಾರಿ ಜಾಲತಾಣಗಳಲ್ಲಿ ಯಾರೋ ಐಫೋನ್, ಆಂಡ್ರಾಯ್ಡ್ ಫೋನ್‌ಗಳಿಗೆ ಬಲೆ ಹಾಕಿದ್ದರು. ಅಲ್ಲಿದ್ದ ಕನ್ನಗಳು, ಸರ್ಕಾರಗಳಿಗೆ ಬೇಹು ಸಾಧನ ಮಾರುವ ಇಂಟೆಲೆಕ್ಸಾ ಮತ್ತು ಎನ್‌ಎಸ್‌ಒ ಕಂಪನಿಗಳು ಮೊದಲೇ ಬಳಸಿದ್ದ ಕನ್ನಗಳಂತೆಯೇ ಇದ್ದವು. ಹಾಕಿದವರು ರಷ್ಯಾ ಸರ್ಕಾರದ ಬೆಂಬಲ ಇರುವ ಗುಂಪು ಅಂತ ವರದಿಯ ಅಂದಾಜು. ಆದರೆ ಆಪಲ್, ಗೂಗಲ್ ಕಂಪನಿಗಳು ಆ ಕಂಡಿಗಳನ್ನು ಆಗಲೇ ಮುಚ್ಚಿದ್ದವು. ಸಿಕ್ಕಿಬೀಳುವಂತಿದ್ದದ್ದು ಅಪ್ಡೇಟ್ ಹಾಕಿಕೊಳ್ಳದವರ ಫೋನ್‌ಗಳು. ಹಾಗಾದರೆ ಇದನ್ನು ‘ಕಾಣದ’ ಕಂಡಿ ಅನ್ನುವಂತಿಲ್ಲ, ಅಲ್ವಾ? ಕಂಪನಿ ಮುಚ್ಚಿದೆ, ನಮ್ಮ ಫೋನಲ್ಲಿ ಮಾತ್ರ ತೆರೆದೇ ಇದೆ. ನನ್ನ ಓದುಗರಿಗೆ ಜಾಸ್ತಿ ಬೇಕಾದದ್ದು ಈ ಎರಡನೇ ಪದವೇ. ‘ಮುಚ್ಚದ ಕಂಡಿ’ ಅನ್ನಬಹುದೇನೋ.

ಇನ್ನೊಂದು ಪ್ರಶ್ನೆ, ಇಂಥ ಸಾಧನ ಬೇರೆಯವರ ಕೈಗೆ ಹೋಯಿತು ಅನ್ನಲು ಬಳಸುವ ಕ್ರಿಯಾಪದದ್ದು. ಫೋನ್ ಅಲ್ಲದಿದ್ದರೂ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಬೇಹು ಸಂಸ್ಥೆ ಎನ್‌ಎಸ್‌ಎ ವಿಂಡೋಸ್‌ಗಾಗಿ ಇಟ್ಟುಕೊಂಡಿದ್ದ ‘ಎಟರ್ನಲ್‌ಬ್ಲೂ’ ಎಂಬ ಕನ್ನವನ್ನು 2017ರ ಏಪ್ರಿಲ್‌ನಲ್ಲಿ ‘ಶ್ಯಾಡೋ ಬ್ರೋಕರ್ಸ್’ ಗುಂಪು ಬಯಲಿಗೆ ಹಾಕಿತು. ಮೇ ತಿಂಗಳಲ್ಲಿ ಅದನ್ನೇ ಬಳಸಿ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಕುತಂತ್ರಾಂಶ ಹರಡಿತು, ಬ್ರಿಟನ್ನಿನ ಆಸ್ಪತ್ರೆಗಳೂ ಒದ್ದಾಡಿದವು. ಇದಕ್ಕೆ ‘ಕೈತಪ್ಪಿತು’ ಅಂದರೆ ಎನ್‌ಎಸ್‌ಎ ಬಳಿ ಇನ್ನು ಇಲ್ಲ ಅನ್ನುವ ಅರ್ಥ ಬರುತ್ತದೆ. ‘ಕಳುವಾಯಿತು’ ಅಂದರೂ ಅಷ್ಟೇ. ನಕಲು ಹೋದರೂ ಮೂಲ ಅಲ್ಲೇ ಇರುತ್ತದಲ್ಲ. ‘ಸೋರಿಕೆ’ಗೆ ಪ್ರಶ್ನೆಪತ್ರಿಕೆಯ ವಾಸನೆ ಜಾಸ್ತಿ, ಅದೂ ಅಲ್ಲದೆ ಯಾರ ಹೊಣೆಯೂ ಅಲ್ಲ ಅನ್ನಿಸಿಬಿಡುತ್ತದೆ. ಸದ್ಯಕ್ಕೆ ‘ಕಂಡವರ ಪಾಲೂ ಆಯಿತು’ ಅಂತ ಆ ‘ಊ’ ಸೇರಿಸಿ ಬರೆದಿದ್ದೇನೆ. ಸ್ವಲ್ಪ ಕುಂಟುತ್ತದೆ.

ತೀರ್ಥಹಳ್ಳಿ, ಹೊಸನಗರ ಕಡೆಯವರು ಬೇಲಿಯ ಕಂಡಿಗೆ ಬೇರೆ ಪದ ಬಳಸುತ್ತೀರಾ? ಆ ಕ್ರಿಯಾಪದಕ್ಕೂ ಏನಾದರೂ ಹೊಳೆದರೆ ದಯವಿಟ್ಟು ತಿಳಿಸಿ.