ನೀರಿನ ಅರ್ಜಿಯಲ್ಲಿ ಆ ಪಟ್ಟಿಯ ಮಾತು ಹಾಕಬೇಕಾ? (ಬಳ್ಳಾರಿ, ನಮ್ಮ ಬಡಾವಣೆ ಗುಂಪು)

ಕಾರ್ಯದರ್ಶಿ: ಪಾಲಿಕೆಗೆ ಕೊಡೋ ನೀರಿನ ಅರ್ಜಿ ಕರಡು ಹಾಕೀನಿ, ಎಲ್ರೂ ಓದ್ರಿ. ಭಾನುವಾರ ಸಹಿ. ನಿನ್ನೆ ಗುಂಪಿಗೆ ಒಂದು ಚಿತ್ರ ಬಂದಿತ್ತಲ್ಲ, ವೇಗವಾಗಿ ಬೆಳೆಯೋ ನಗರಗಳ ಪಟ್ಟಿಯಾಗ ನಮ್ಮ ಬಳ್ಳಾರಿ ಐತೆ ಅಂತ, ಅದನ್ನ ಮೊದಲ ಸಾಲಿಗೇ ಸೇರಿಸೀನಿ.

2ನೇ ಕ್ರಾಸ್ ಮೇಷ್ಟ್ರು: ಆ ಸಾಲು ತೆಗೀರಿ. ಏನು ಬೆಳೆದೈತೆ ಅಂತ ಆ ಚಿತ್ರದಾಗ ಎಲ್ಲೂ ಬರೆದಿಲ್ಲ. ಜನಸಂಖ್ಯೆನಾ, ಒಟ್ಟು ಉತ್ಪನ್ನನಾ (ವರ್ಷದಾಗ ತಯಾರಾದ ಸರಕು-ಸೇವೆಯ ಬೆಲೆ), ಸೈಟಿನ ರೇಟಾ? ಜನಸಂಖ್ಯೆ ಅಂದ್ರೆ ಕೊನೇ ಜನಗಣತಿ ಆಗಿದ್ದು 2011ರಲ್ಲಿ. ಆಮೇಲಿಂದೆಲ್ಲ ಅಂದಾಜು. ಉತ್ಪನ್ನ ಅಂದ್ರೆ ಸರ್ಕಾರದ ಲೆಕ್ಕ ಸಿಗೋದು ಜಿಲ್ಲೆಗೆ. ಜಿಲ್ಲೆ ಲೆಕ್ಕದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಅದಿರು ಎರಡೂ ಬರ್ತಾವೆ. ಅದನ್ನ ಬಳ್ಳಾರಿ ಪೇಟೆ ಬೆಳವಣಿಗೆ ಅಂತ ಹೆಂಗೆ ಒಪ್ಪೋದು? 2021ರಲ್ಲಿ ಹೊಸಪೇಟೆ ಕಡೆ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಹೋದವು. ಹೋಲಿಸಿದ್ದು ಹಳೇ ಜಿಲ್ಲೆ ಜೊತೆನಾ, ಹೊಸದರ ಜೊತೆನಾ?

ಯಾವ ವರ್ಷದಿಂದ ಎಣಿಸಿದ್ರು ಅನ್ನೋದೂ ಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತ್ತು. ಗಣಿ ಮುಚ್ಚಿದ್ದ ವರ್ಷದಿಂದ ಲೆಕ್ಕ ಹಿಡಿದ್ರೆ ಮತ್ತೆ ಶುರುವಾಗಿದ್ದೇ ದೊಡ್ಡ ಏರಿಕೆಯಾಗಿ ಕಾಣ್ತೈತೆ. ಶೇಕಡಾ ಲೆಕ್ಕನೂ ದಾರಿ ತಪ್ಪಿಸ್ತೈತೆ. 100 ಮನೆ 130 ಆದ್ರೆ ಏರಿಕೆ ಶೇ. 30, 10,000 ಮನೆ 11,000 ಆದ್ರೆ ಶೇ. 10. ಹೆಚ್ಚು ಮನೆಗೆ ನೀರು ಬೇಕಾಗಿದ್ದು ಎರಡನೇ ಕಡೆ, ಪಟ್ಟಿಯಾಗ ಮೇಲಿರೋದು ಮೊದಲನೇದು.

4ನೇ ಕ್ರಾಸ್ ಮಂಜಣ್ಣ: ಎಲ್ಲಾ ಸರಿ ಮೇಷ್ಟ್ರೆ, ಆದ್ರೆ ಊರಿಗೆ ಹೆಸರು ಬಂದ್ರೆ ಅನುದಾನ ಕೇಳೋಕೆ ಅನುಕೂಲ ಆಗಲ್ವಾ?

ಮೇಷ್ಟ್ರು: ಆಗ್ತೈತೆ, ಲೆಕ್ಕ ಗಟ್ಟಿ ಇದ್ರೆ. ಇದರ ಆಧಾರ ಏನು ಅಂತ ಎಂಜಿನಿಯರ್ ಕೇಳಿದ್ರೆ ನಮ್ಮತ್ರ ಉತ್ತರ ಇಲ್ಲ. ಆಮೇಲೆ ನೀರಿನ ಮಾತನ್ನೂ ನಂಬಲ್ಲ.

ಕಿರಾಣಿ ಅಂಗಡಿ ಅಕ್ಕ: ನನ್ನ ಸಂಕಟ ಬೇರೆ. ಇದೇ ಚಿತ್ರನ ಒಂದು ಹೊಸ ಲೇಔಟಿನವರು ಕರಪತ್ರಕ್ಕೆ ಹಾಕ್ಯಾರೆ. ಅದನ್ನ ತೋರಿಸಿ ನಮ್ಮ ಓಣಿಯಾಗೂ ಬಾಡಿಗೆ ಏರಿಸೋ ಮಾತು ಬಂದೈತೆ. ನಲ್ಲಿ ನೀರು ಯಾವಾಗ ಬರ್ತೈತೆ ಅಂತ ಕೂಲಿಗೆ, ಜೀನ್ಸ್ ಘಟಕಕ್ಕೆ ಹೋಗೋ ಹೆಣ್ಮಕ್ಕಳು ನಿದ್ದೆಗೆಟ್ಟು ಕಾಯ್ತಾರೆ. ಅದನ್ನ ಬರೀರಿ.

ಮಂಜಣ್ಣ: ಅಕ್ಕ ಹೇಳಿದ್ದು ಖರೆ. ಆ ಸಾಲು ಬಿಟ್ಟುಬಿಡೋಣ.

ಕಾರ್ಯದರ್ಶಿ: ತೆಗೆದೆ. ಬದಲಿಗೆ ಏನು ಹಾಕೋಣ?

ಮೇಷ್ಟ್ರು: ನಮ್ಮದೇ ಲೆಕ್ಕ. ಪ್ರತಿ ಕ್ರಾಸಿಗೆ ಒಂದು ನೋಟ್‌ಬುಕ್. ನೀರು ಬಿಟ್ಟ ತಾರೀಕು, ಬಂದ ಹೊತ್ತು, ನಿಂತ ಹೊತ್ತು, ಟ್ಯಾಂಕರ್ ತರಿಸಿದ್ರೆ ಕೊಟ್ಟ ದುಡ್ಡು. ಯಾರು, ಹೆಂಗೆ ಬರೆದುಕೊಂಡ್ರು ಅಂತ ಮೇಲೇ ಇರ್ಲಿ. ನೀರು ಚೆನ್ನಾಗಿ ಬಂದ ದಿನಾನೂ ಬಿಡಬ್ಯಾಡ್ರಿ. ತುಂಗಭದ್ರಾ ಕಾಲುವೆ ನಿಂತಾಗ, ಊರಿಗೆ ನೀರು ಕೊಡೋ ಅಲ್ಲೀಪುರ ಕೆರೆ ನೀರು ಎಷ್ಟು ದಿನಕ್ಕೆ ಸಾಲ್ತೈತೆ, ನಮ್ಮ ವಾರ್ಡಿಗೆ ಬಿಡೋ ದಿನ ಯಾವು, ಎರಡನ್ನೂ ಬರವಣಿಗೆಯಲ್ಲಿ ಕೇಳೋಣ.

ಅಕ್ಕ: 3ನೇ ಕ್ರಾಸಿಂದು ನಾನು ಬರೀತೀನಿ. ಅಂಗಡಿ ಮುಂದೇ ನಲ್ಲಿ ಐತೆ.

ಕಾರ್ಯದರ್ಶಿ: ಹಂಗಾದ್ರೆ ಈ ಭಾನುವಾರ ಸಹಿ ಬ್ಯಾಡ, ನೋಟ್‌ಬುಕ್ ಹಂಚ್ತೀನಿ. ತಿಂಗಳು ತುಂಬಿದ ಮೇಲೆ ಅರ್ಜಿ. 1 ಮತ್ತು 5ನೇ ಕ್ರಾಸಿನವರು ಯಾರು ಬರೀತೀರಿ, ಇವತ್ತು ರಾತ್ರಿಯೊಳಗೆ ಹೇಳ್ರಿ.