ಘಾಟಿ ಓಡುವ ಬಸ್ಸಿನ ಗೇರ್‌ಬಾಕ್ಸ್ ಆಯಿಲ್ ಸೆನ್ಸರ್‌ಗೆ ನೀರು ಎಲ್ಲಿಂದ ಹೋಗ್ತಿದೆ?

ಮಾಚೇನಹಳ್ಳಿ_ಡಿಸೈನ್
ಗೇರ್‌ಬಾಕ್ಸ್ ಆಯಿಲ್ ಟೆಂಪರೇಚರ್ ಸೆನ್ಸರ್. ಹಿತ್ತಾಳೆ ಬಾಡಿ, ಒಳಗೆ ಎನ್‌ಟಿಸಿ (ಶಾಖ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಬಿಡಿಭಾಗ; 25 ಡಿಗ್ರಿಗೆ 10 ಕಿಲೋಓಮ್, ಎಷ್ಟು ಬೇಗ ಇಳಿಯುತ್ತೆ ಅನ್ನೋ ಅಂಕಿ ಬೀಟಾ 3950), ಎಪಾಕ್ಸಿ ಪಾಟಿಂಗ್ (ಸುರಿದು ಗಟ್ಟಿಯಾಗಿಸುವ ಅಂಟಿನ ತುಂಬುವಿಕೆ), ಎನ್‌ಬಿಆರ್ (ನೈಟ್ರೈಲ್ ರಬ್ಬರ್) ಓ-ರಿಂಗ್, ಅರ್ಧ ಮೀಟರ್ ಪಿವಿಸಿ ವೈರ್, ತುದಿಗೆ ಕನೆಕ್ಟರ್. ಶಿವಮೊಗ್ಗ–ಭದ್ರಾವತಿ ಓಡುವ ಗಾಡಿಗಳಲ್ಲಿ ತಕರಾರಿಲ್ಲ. ಹುಲಿಕಲ್ ಘಾಟಿ ಹತ್ತಿಳಿಯುವವು ಮಾತ್ರ ಮಳೆಗಾಲದಲ್ಲಿ ಕೈಕೊಡುತ್ತವೆ. ಬೆಳಿಗ್ಗೆ ತಣ್ಣಗಿರುವಾಗ ನಾಲ್ಕು ಡಿಗ್ರಿ ಜಾಸ್ತಿ ತೋರಿಸುತ್ತೆ, 100 ಡಿಗ್ರಿ ಹತ್ತಿರ ಬಂದರೆ ಸರಿ ಇರುತ್ತೆ. ಕೊಯ್ದು ನೋಡಿದರೆ ಬೆಸುಗೆ ಹತ್ತಿರ ಹಸಿರು ಕಿಲುಬು. ಆಯಿಲ್ ಮಾತ್ರ ಒಂದು ಹನಿಯೂ ಸೋರಿಲ್ಲ. ಇನ್ನೂ ದಪ್ಪ ಓ-ರಿಂಗ್ ಹಾಕಿದರೆ ನಿಲ್ಲುತ್ತಾ?

ಸಾಗರ_ಎಲೆಕ್ಟ್ರಾನಿಕ್ಸ್
ಓ-ರಿಂಗ್ ತಂಟೆಗೆ ಹೋಗಬೇಡಿ ಸಾರ್. ತಣ್ಣಗಿದ್ದಾಗ ತಪ್ಪು, ಬಿಸಿಯಾದಾಗ ಸರಿ ಅಂದರೆ ಎನ್‌ಟಿಸಿಯ ಎರಡು ಕಾಲುಗಳ ನಡುವೆ ಕರೆಂಟ್ ಲೀಕೇಜ್ ಇದೆ ಅಂತಲೇ ಅರ್ಥ. ಒದ್ದೆಯ ದಾರಿ 50 ಕಿಲೋಓಮ್ ಅಂದುಕೊಳ್ಳಿ: 25 ಡಿಗ್ರಿಯಲ್ಲಿ 10 ಇದ್ದದ್ದು 8.3 ಆಗುತ್ತೆ, ನಿಮ್ಮ ನಾಲ್ಕು ಡಿಗ್ರಿ ಬಂತು. 100 ಡಿಗ್ರಿಯಲ್ಲಿ ಎನ್‌ಟಿಸಿಯೇ ಸುಮಾರು 700 ಓಮ್‌ಗೆ ಇಳಿದಿರುತ್ತೆ, ಪಕ್ಕದ 50 ಕಿಲೋಓಮ್‌ನಿಂದ ಅರ್ಧ ಡಿಗ್ರಿಯೂ ಹೆಚ್ಚುಕಮ್ಮಿ ಆಗಲ್ಲ. ಕನೆಕ್ಟರ್ ಪಿನ್ ಕಿಲುಬು ಹಿಡಿದಿದ್ದರೆ ಇದರ ಉಲ್ಟಾ: ತಣ್ಣಗಿದ್ದಾಗ ಗೊತ್ತೇ ಆಗಲ್ಲ, ಬಿಸಿಯಾದಾಗ ಕಮ್ಮಿ ತೋರಿಸುತ್ತೆ.

ನೀರು ಬಂದಿರೋದು ವೈರ್ ಒಳಗಿನಿಂದ. ಸೆನ್ಸರ್ 110 ಡಿಗ್ರಿಗೆ ಕಾದು, ಮಳೆಗೋ ವಾಟರ್ ಸರ್ವಿಸ್‌ಗೋ ಸಿಕ್ಕಿ 25ಕ್ಕೆ ಇಳಿದರೆ, ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೀಳುತ್ತೆ. ಆ ಎಳೆತ ಕನೆಕ್ಟರ್ ಕಡೆಯ ನೀರನ್ನು ತಾಮ್ರದ ಎಳೆಗಳ ಸಂದಿನಲ್ಲಿ ಹೀರಿಕೊಳ್ಳುತ್ತೆ, ಹಣತೆ ಬತ್ತಿಗೆ ಎಣ್ಣೆ ಏರಿದ ಹಾಗೆ.

ಮಾಚೇನಹಳ್ಳಿ_ಡಿಸೈನ್
ಆದರೆ ವೈರ್ ಎಪಾಕ್ಸಿಯಲ್ಲಿ 12 ಮಿ.ಮೀ. ಮುಳುಗಿದೆಯಲ್ಲ?

ಸಾಗರ_ಎಲೆಕ್ಟ್ರಾನಿಕ್ಸ್
ಮುಳುಗಿರೋದು ಇನ್ಸುಲೇಶನ್. ಎಪಾಕ್ಸಿ ಅದರ ಹೊರಮೈಗೆ ಹಿಡಿದಿದೆ, ಎಳೆಗಳ ನಡುವೆ ಹೋಗಿಲ್ಲ. ಪಾಟಿಂಗ್ ಒಳಗೇ 5–6 ಮಿ.ಮೀ. ಸುಲಿದು, ಎಳೆಗಳ ಸಂದು ಪೂರಾ ತುಂಬುವ ಹಾಗೆ ಬೆಸುಗೆ ಕುಡಿಸಿ. ಅದಕ್ಕಿಂತ ಒಳ್ಳೆಯದು ಗಟ್ಟಿ ಪಿನ್: ಒಂದು ತುದಿಗೆ ವೈರ್, ಇನ್ನೊಂದಕ್ಕೆ ಎನ್‌ಟಿಸಿ ಕಾಲು, ನಡುವಿನ ಬರೀ ಲೋಹಕ್ಕೆ ಎಪಾಕ್ಸಿ ಹಿಡಿಯಬೇಕು.

ಪಾಟಿಂಗ್‌ಗೆ ಮುಂಚೆ ಬಾಡಿ, ಪಿನ್ ಎರಡನ್ನೂ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ. ನೈಲಾನ್ ಭಾಗವಿದ್ದರೆ ಓವನ್‌ನಲ್ಲಿ ಒಣಗಿಸಿಕೊಳ್ಳಿ, ನಮ್ಮೂರ ಜುಲೈ ಗಾಳಿಯಲ್ಲಿ ಅದು ನೀರು ಕುಡಿದೇ ಇರುತ್ತೆ, ಎಪಾಕ್ಸಿ ಕ್ಯೂರ್ ಆಗುವಾಗ (ಗಟ್ಟಿಯಾಗುವಾಗ) ಗುಳ್ಳೆ ಏಳುತ್ತೆ. ಎಪಾಕ್ಸಿಯ ಗ್ಲಾಸ್ ಟ್ರಾನ್ಸಿಶನ್ (ಗಟ್ಟಿ ಎಪಾಕ್ಸಿ ಮೆತ್ತಗಾಗಲು ಶುರುವಾಗುವ ಶಾಖ) ನಿಮ್ಮ ಗರಿಷ್ಠ ಶಾಖಕ್ಕಿಂತ ಮೇಲಿರಲಿ. ಅದನ್ನು ದಾಟಿದರೆ ಎಪಾಕ್ಸಿ ಲೋಹಕ್ಕಿಂತ ಹಲವು ಪಟ್ಟು ಹಿಗ್ಗಿ ಗೋಡೆ ಬಿಡುತ್ತೆ.

ತೀರ್ಥಹಳ್ಳಿ_ಗೇರ್‌ಬಾಕ್ಸ್
ಎರಡು ಮಾತು ಸೇರಿಸ್ತೀನಿ. ಆಯಿಲ್ ಜಿಎಲ್-5 (ಹೆಚ್ಚು ಭಾರ ತಡೆಯುವ ಗೇರ್ ಆಯಿಲ್ ದರ್ಜೆ) ಆದರೆ ಅದರ ಗಂಧಕದ ಅಡಿಟಿವ್ ಬಿಸಿಯಲ್ಲಿ ಹಿತ್ತಾಳೆಯನ್ನು ಕಪ್ಪು ಮಾಡಿ ತಿನ್ನುತ್ತೆ. ಸ್ಟೇನ್‌ಲೆಸ್ 304 ಹಾಕಿ. ಎನ್‌ಬಿಆರ್ 100 ಡಿಗ್ರಿ ಮೇಲೆ ದಿನಾ ಬೆಂದರೆ ಗಟ್ಟಿಯಾಗುತ್ತೆ, ಎಫ್‌ಕೆಎಂ (ಫ್ಲೋರಿನ್ ರಬ್ಬರ್) ಬಳಸಿ, ರಿಂಗನ್ನು ಅಮುಕುವ ಒತ್ತು ಅದರ ದಪ್ಪದ ಶೇ. 15–25 ಸಾಕು. ಗ್ರೂವ್ (ರಿಂಗ್ ಕೂರುವ ಕಾಲುವೆ) ಬದಲಿಸದೆ ದಪ್ಪ ರಿಂಗ್ ತುರುಕಿದರೆ ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಅಂಚು ಹರಿಯುತ್ತೆ. ಇದೇ ಡಿಸೈನನ್ನು ಬ್ರೇಕ್ ಆಯಿಲ್‌ಗೆ ಒಯ್ಯೋದಾದರೆ ಎಫ್‌ಕೆಎಂ ಊದಿಕೊಳ್ಳುತ್ತೆ, ಅಲ್ಲಿ ಇಪಿಡಿಎಂ ಅನ್ನೋ ಬೇರೆ ಬಗೆಯ ರಬ್ಬರ್ ಬೇಕು. ಆ ಇಪಿಡಿಎಂ ಗೇರ್ ಆಯಿಲ್‌ಗೆ ಬಂದರೆ ಅದೂ ಊದಿಕೊಳ್ಳುತ್ತೆ. ಸ್ಟೋರಿನಲ್ಲಿ ಎರಡೂ ಕರಿ ರಿಂಗೇ, ಡಬ್ಬಿ ಅದಲುಬದಲಾದರೆ ಯಾರಿಗೂ ಗೊತ್ತಾಗಲ್ಲ.

ಮಾಚೇನಹಳ್ಳಿ_ಡಿಸೈನ್
ಟೆಸ್ಟ್ ಹೇಗೆ? ಈಗ ಬಾಡಿಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡ್ತೀವಿ ಅಷ್ಟೆ.

ಸಾಗರ_ಎಲೆಕ್ಟ್ರಾನಿಕ್ಸ್
ಅದರಲ್ಲಿ ಈ ದೋಷ ಸಿಗಲ್ಲ. ಮೊದಲು 25 ಡಿಗ್ರಿ ಬಾತ್‌ನಲ್ಲಿ ರೆಸಿಸ್ಟೆನ್ಸ್ ಬರೆದಿಡಿ. ಓವನ್‌ನಲ್ಲಿ ಗರಿಷ್ಠ ಶಾಖಕ್ಕೆ ಒಂದು ಗಂಟೆ, ತೆಗೆದ ಕೂಡಲೇ ಐಸ್ ಹಾಕಿದ ಶೇ. 5 ಉಪ್ಪುನೀರಿಗೆ, 5 ನಿಮಿಷ. ಎರಡು ಹನಿ ಪಾತ್ರೆ ತೊಳೆಯೋ ಸೋಪು ಬಿಟ್ಟರೆ ನೀರು ಸಂದಿಗೆ ಬೇಗ ನುಗ್ಗುತ್ತೆ. ಮುಖ್ಯ, ಕನೆಕ್ಟರ್ ಕತ್ತರಿಸಿ ವೈರಿನ ಬರೀ ತುದಿಯೂ ಅದೇ ನೀರಿನಲ್ಲಿರಲಿ. ಹತ್ತು ಸಲ ಮಾಡಿ, ತುದಿ ತೊಳೆದು ಒರೆಸಿ ಮತ್ತೆ ಅಳೆಯಿರಿ. ಶೇ. 1 ಇಳಿದಿದ್ದರೂ ಫೇಲ್.

ಮಾಚೇನಹಳ್ಳಿ_ಡಿಸೈನ್
ಈಗ ಗಾಡಿಯಲ್ಲಿರೋ ಪೀಸ್‌ಗಳಿಗೆ?

ತೀರ್ಥಹಳ್ಳಿ_ಗೇರ್‌ಬಾಕ್ಸ್
ಕಿಲುಬು ಹಿಡಿದದ್ದನ್ನು ಒಣಗಿಸಿ ಉಪಯೋಗವಿಲ್ಲ, ಬದಲಿಸಿ. ಚೆನ್ನಾಗಿರೋದಕ್ಕೆ ರಬ್ಬರ್ ಸೀಲ್ ಇರೋ ಕನೆಕ್ಟರ್ ಹಾಕಿ, ಸೀಲಿನ ತೂತು ವೈರಿನ ಸೈಜಿಗೆ ಕೂರಬೇಕು. ಬಾಯಿ ಕೆಳಮುಖ ಇರಲಿ. ವೈರ್ ಕನೆಕ್ಟರ್‌ಗಿಂತ ಒಂದು ಗೇಣು ಕೆಳಗಿಳಿದು ಮೇಲೇರಿ ಬರಲಿ, ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತೆ.